ಪೆರಿನ್ ಮನೆಯವರು

ಬೆನೆಡಿಕ್ಟಾ ಪಾತ್ರೆಯನ್ನು ಸಿಂಕಿನ ಮೇಲೆ ಓರೆಯಾಗಿ ಹಿಡಿದು ಗಂಜಿ ಬಸಿಯುತ್ತಿದ್ದಳು. ಕುಚ್ಚಲಕ್ಕಿ ಅನ್ನ, ಮುಚ್ಚಳ ಕೂದಲೆಳೆಯಷ್ಟು ಸರಿದರೂ ಅನ್ನವೆಲ್ಲ ಸಿಂಕಿನ ಪಾಲು. ಆ ಹೊತ್ತಿನಲ್ಲಿ ಅವಳನ್ನು ಮಾತಾಡಿಸಬಾರದು ಎಂಬುದು ಕುವೈತಿನ ಅಬು ಹಲೀಫಾದ ಆ ಪುಟ್ಟ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ನಿಯಮ. ಎಲ್ಲರೂ ಎಂದರೆ ಗಂಡ ಜೋಕಿಮ್ ಮತ್ತು ಮಗಳು ವೆನಿಸ್ಸಾ, ಅಷ್ಟೇ.

"ಮಮ್ಮಿ, ನಾವು ಫ್ರೆಂಚಾ?"

ಮುಚ್ಚಳ ಜಾರಿತು. ಕುದಿಗಂಜಿ ಎಡಗೈಯ ಮೇಲೆ ಹರಿಯಿತು. ಪಾತ್ರೆಯನ್ನು ಮಾತ್ರ ಅವಳು ಕೈಬಿಡಲಿಲ್ಲ. ನೆಟ್ಟಗೆ ಇಟ್ಟು, ನಲ್ಲಿ ತಿರುಗಿಸಿ, ಕೈಯನ್ನು ನೀರಿನ ಕೆಳಗೆ ಹಿಡಿದು ನಿಂತಳು.

"ಬೆಳಿಗ್ಗೆ ಬೆಳಿಗ್ಗೆ ಎಂತ ಫ್ರೆಂಚು ಬಾಯೆ ನಿಂದು? ಸಾಕ್ಸ್ ಹಾಕಿದ್ಯಾ?"

"ಪ್ರಾಜೆಕ್ಟ್ ಮಮ್ಮಿ. ‘ಮೈ ಸರ್‌ನೇಮ್’ ಅಂತ. ಸಂಡೇ ಕೊಡ್ಬೇಕು. ಸರ್‌ನೇಮ್ ಎಲ್ಲಿಂದ ಬಂತು, ಆ ಹೆಸರಿನ ಫೇಮಸ್ ಪೀಪಲ್ ಯಾರ್ಯಾರು, ಎಲ್ಲ ಚಾರ್ಟಲ್ಲಿ ಹಾಕ್ಬೇಕು. ಅಶ್ಮಿತಾಗೆ ಎಷ್ಟು ಶೆಟ್ಟಿಗಳು ಸಿಕ್ಕಿದ್ರು ಗೊತ್ತುಂಟಾ? ಜಾಗವೇ ಸಾಕಾಗ್ಲಿಲ್ಲ! ನಮ್ಮ ಕ್ಲಾಸಲ್ಲಿ ಪೆರಿನ್ ನಾನೊಬ್ಳೇ. ಟೀಚರ್ ಹೇಳಿದ್ರು, ಹೌ ಇಂಟರೆಸ್ಟಿಂಗ್, ಇಟ್ಸ್ ಫ್ರೆಂಚ್ ಅಂತ."

ಹುಡುಗಿ ಒಂದು ಕೈಯಲ್ಲಿ ಟ್ಯಾಬ್, ಇನ್ನೊಂದರಲ್ಲಿ ಸಾಕ್ಸ್ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಐದನೇ ಕ್ಲಾಸಿನ ಹುಡುಗಿ. ಕೇಳಲು ಶುರುಮಾಡಿದರೆ ಬೇರು ಕಾಣುವವರೆಗೆ ಅಗೆಯುವವಳು.

"ಒಬ್ಬರು ಸೈಂಟಿಸ್ಟ್ ಇದ್ದಾರೆ ಮಮ್ಮಿ. ಪರಮಾಣು ನಿಜವಾಗ್ಲೂ ಇದೆ ಅಂತ ಪ್ರೂವ್ ಮಾಡಿದವರು. ನೊಬೆಲ್ ಪ್ರೈಜ್! ಮತ್ತೆ ನೆಪೋಲಿಯನ್‌ನ ಮಾರ್ಷಲ್ ಒಬ್ಬ. ಬಟ್ ಅವನನ್ನ ಯಾರೂ ಪೆರಿನ್ ಅಂತ ಕರೀತಿರ್ಲಿಲ್ಲ, ವಿಕ್ಟರ್ ಅಂತಲೇ ಕರೀತಿದ್ರು. ಮತ್ತೆ ಒಬ್ಬ ಆ್ಯಕ್ಟರ್. ಅವನು ಹುಟ್ಟುವಾಗ ಪೆರಿನ್ನೇ ಅಲ್ಲ. ಸಿಮೊನೆಟ್. ಆಮೇಲೆ ಅವನ ಮದರಿನ ಸರ್‌ನೇಮ್ ಇಟ್ಕೊಂಡದ್ದು." ಅವಳು ಪರದೆಯಿಂದ ತಲೆಯೆತ್ತಿದಳು. "ಸರ್‌ನೇಮ್ ಚೇಂಜ್ ಮಾಡ್ಲಿಕ್ಕೆ ಆಗ್ತದಾ ಮಮ್ಮಿ? ಇಸ್ ಇಟ್ ಅಲೌಡ್?"

"ಬಸ್ ಬಂತು ನೋಡು," ಎಂದಳು ಬೆನೆಡಿಕ್ಟಾ.

ಬಸ್ ಬಂದಿರಲಿಲ್ಲ. ತಾಯಿ ಮಗಳು ಕೆಳಗೆ ಹೋಗಿ, ಮಂಜು ಮುಸುಕಿದ ರಸ್ತೆಯ ಬದಿಯಲ್ಲಿ ಬಹಳ ಹೊತ್ತು ಕಾದು ನಿಂತರು. ಆಚೆ ಸಮುದ್ರವಿರುವುದು ವಾಸನೆಯಿಂದ ಮಾತ್ರ ಗೊತ್ತಾಗುತ್ತಿತ್ತು.

ಪೆರಿನ್ ಎಂಬ ಹೆಸರು ಆ ಮನೆಗೆ ಬಂದದ್ದು ಒಂದು ಸಾಸ್ ಬಾಟಲಿಯಿಂದ.

ಜೋಕಿಮ್ ಹುಟ್ಟಿದ್ದು ಸೆರಾವೊ ಆಗಿ. ಕುವೈತಿಗೆ ಮೊದಲ ಸಲ ಬಂದದ್ದೂ ಅದೇ ಹೆಸರಿನಲ್ಲಿ, ಮದುವೆಗೆ ಮುಂಚೆ, ಒಂದು ಹೋಟೆಲಿನ ಅಡುಗೆಯವನಾಗಿ. ತನ್ನ ಪಾಸ್‌ಪೋರ್ಟ್ ತನಗೆ ಕೊಡಿ ಎಂದು ಕೇಳಿದ್ದೇ ತಪ್ಪಾಯಿತು. ಆಗಿನ ಕಫೀಲ್, ಅಂದರೆ ವೀಸಾಕ್ಕೆ ಜವಾಬ್ದಾರನಾದ ಮಾಲೀಕ, ಅವನ ಮೇಲೆ ಕೆಲಸ ಬಿಟ್ಟು ಓಡಿಹೋದವನೆಂದು ಕೇಸು ಹಾಕಿಸಿದ. ಬೆರಳಿಗೆ ಮಸಿ ಹಚ್ಚಿ, ಕಾಗದಕ್ಕೆ ಒತ್ತಿಸಿ, ಇನ್ನೆಂದೂ ಇತ್ತ ಬರಬೇಡ ಎಂದು ವಿಮಾನ ಹತ್ತಿಸಿದರು. ಊರಿಗೆ ಬಂದ, ಬೆನೆಡಿಕ್ಟಾಳನ್ನು ಮದುವೆಯಾದ. ಮತ್ತೆ ಕುವೈತಿಗೇ ಹೋಗಬೇಕೆಂದಾಗ ಮುಂಬೈಯ ಏಜೆಂಟ್, "ಬೇರೆ ಸರ್‌ನೇಮ್ ಹೇಳು, ಬೇಗ ಹೇಳು," ಎಂದ. ಹೋಟೆಲಿನಲ್ಲಿ ಮಟನ್ ಚಾಪ್ಸಿಗೆ ದಿನವೂ ಸುರಿಯುತ್ತಿದ್ದ ಕಪ್ಪು ಸಾಸಿನ ಬಾಟಲಿಯ ಮೇಲಿದ್ದ ಹೆಸರು ಜೋಕಿಮನ ಬಾಯಿಗೆ ಬಂತು. ಹೊಸ ಪಾಸ್‌ಪೋರ್ಟ್ ಆಯಿತು. ವೆನಿಸ್ಸಾ ಇಲ್ಲೇ ಹುಟ್ಟಿದಳು, ಹುಟ್ಟುತ್ತಲೇ ಪೆರಿನ್ ಆದಳು.

ಊರಿಗೆ ಹೋದಾಗ ತೊಂದರೆಯಿರಲಿಲ್ಲ. ಅಲ್ಲಿ ಯಾರೂ ಯಾರನ್ನೂ ಸರ್‌ನೇಮ್ ಹಿಡಿದು ಕರೆಯುವುದಿಲ್ಲ. ಜೋಕಿ ಎಂದರೆ ಜೋಕಿ. ಇಗರ್ಜಿಯ ಹಿಂದಿನ ಸಮಾಧಿಗಳ ಹತ್ತಿರ ಮಾತ್ರ ಬೆನೆಡಿಕ್ಟಾ ಎಚ್ಚರವಾಗಿರುತ್ತಿದ್ದಳು. ಮೇಣದಬತ್ತಿ ಹಚ್ಚುವ ನೆವದಲ್ಲಿ ಮಾವನ ಕಲ್ಲಿನ ಮುಂದೆ, ಹೆಸರು ಕೆತ್ತಿದ ಜಾಗಕ್ಕೆ ಸರಿಯಾಗಿ, ಸೀರೆಯ ನೆರಿಗೆ ಹರಡಿ ಕೂತುಬಿಡುವಳು. ಮಗಳು ಹಿಂದಿನಿಂದ ಹೂ ಕೊಡುವಳು.

ಇಷ್ಟು ವರ್ಷ ಆ ಮಸಿಯ ಗುರುತನ್ನು ಯಾರೂ ಕೇಳಿರಲಿಲ್ಲ. ಈಗ ಕೇಳುವ ಕಾಲ ಬಂದಿತ್ತು. ಈ ವರ್ಷ ಮುಗಿಯುವುದರೊಳಗೆ ದೊಡ್ಡವರೆಲ್ಲ ಬಸ್ಮಾ ಕೊಡಬೇಕು. ಬಸ್ಮಾ ಎಂದರೆ ಬೆರಳಚ್ಚು. ಹತ್ತೂ ಬೆರಳು, ಕಣ್ಣು, ಮುಖ, ಎಲ್ಲವನ್ನೂ ಯಂತ್ರ ನೋಡುತ್ತದೆ. ಬೆನೆಡಿಕ್ಟಾ ಕೊಟ್ಟು ಬಂದಾಗಿತ್ತು. ಅವಳಿಗೇನು, ಇದ್ದದ್ದು ಒಂದೇ ಹೆಸರು. ಜೋಕಿಮನ ಸರದಿ ಭಾನುವಾರ ಬೆಳಿಗ್ಗೆ. ಇಲ್ಲಿ ರಜೆ ಶುಕ್ರವಾರ, ಶನಿವಾರ; ಶಾಲೆ, ಆಫೀಸು ಎಲ್ಲ ಶುರುವಾಗುವುದೇ ಭಾನುವಾರ. ಹಳೆಯ ಕಾಗದದ ಬೆರಳಚ್ಚನ್ನು ಯಂತ್ರದೊಳಕ್ಕೆ ಹಾಕಿದ್ದಾರೋ ಇಲ್ಲವೋ, ಯಾರಿಗೂ ತಿಳಿಯದು. ಹಾಕಿದ್ದರೆ, ಒಳಗೆ ಹೋದವನು ಆ ಬಾಗಿಲಿನಿಂದ ಹೊರಗೆ ಬರುವುದಿಲ್ಲ.

ಶುಕ್ರವಾರ ಮಾವ ತೀರಿಕೊಂಡ ದಿನ. ಪ್ರತಿ ವರ್ಷ ಅವರ ಆತ್ಮಕ್ಕೆ ಊರಿನ ಇಗರ್ಜಿಯಲ್ಲೇ ಪೂಜೆ ಹೇಳಿಸುತ್ತಿದ್ದರು. ಈ ಸಲ ಬೆನೆಡಿಕ್ಟಾಳ ಮನಸ್ಸು ಕೇಳಲಿಲ್ಲ. ಮಗ ಇಲ್ಲಿ ಬಾವಿಯ ಅಂಚಿನಲ್ಲಿ ನಿಂತಿರುವಾಗ ಅಪ್ಪನನ್ನು ಊರಿನಿಂದ ಕರೆದರೆ ಸಾಕೇ? ಹತ್ತಿರದಿಂದಲೇ ಕರೆಯಬೇಕು. ಬಸ್ ಮಗಳನ್ನು ಕರೆದುಕೊಂಡು ಹೋದ ಮೇಲೆ ಅವಳು ಸ್ಯಾಮುವೆಲ್‌ಗೆ ಫೋನ್ ಮಾಡಿದಳು. ಅಹ್ಮದಿಯ ಇಗರ್ಜಿಯ ಕೊಂಕಣಿ ಪೂಜೆಗೆ ಹೆಸರು ಬರೆದುಕೊಂಡು ಓದುವವರು ಅವರೇ.

"ಯಾರ ಆತ್ಮಕ್ಕೆ ಬಾಯಮ್ಮ?"

"ನಮ್ಮ ಮಾವ. ಪಾವ್ಲ್."

"ಪಾವ್ಲ್ ಎಂತ? ಸ್ವರ್ಗದಲ್ಲಿ ಪಾವ್ಲ್‌ಗಳು ಸಾವಿರ ಇದ್ದಾರೆ ಮಾರಾಯ್ತಿ."

ಬೆನೆಡಿಕ್ಟಾ ಬಾಯಿ ತೆರೆದಳು. ಪೆರಿನ್ ಎಂಬುದು ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಸ್ಕೂಲಿನಲ್ಲಿ ಹೇಳಿದ್ದಾಯಿತು, ಆಸ್ಪತ್ರೆಯಲ್ಲಿ ಹೇಳಿದ್ದಾಯಿತು, ಬದುಕಿರುವವರ ಮುಂದೆ ಎಲ್ಲ ಕಡೆಯೂ ಹೇಳಿದ್ದಾಯಿತು. ಆದರೆ ಸತ್ತವರ ಹೆಸರಿನಲ್ಲಿ ಸುಳ್ಳು ಹೇಳಿದರೆ ಆ ಪೂಜೆ ಯಾರಿಗೆ ಮುಟ್ಟೀತು? ದೇವರಿಗೆ ತಪ್ಪು ವಿಳಾಸ ಕೊಡಲಾದೀತೇ?

"ಸೆರಾವೊ," ಎಂದಳು. "ಪಾವ್ಲ್ ಸೆರಾವೊ."

"ಹೇಳಿಸುವವರು?"

ಇದು ಊರಿನ ರೂಢಿ: ಮಗ, ಸೊಸೆ, ಮೊಮ್ಮಕ್ಕಳು, ಒಬ್ಬರ ಹೆಸರು ಬಿಟ್ಟರೂ ಮನಸ್ತಾಪ. ರೂಢಿಯೇ ಅವಳ ಬಾಯಿಂದ ಮಾತಾಡಿತು. "ಮಗ ಜೋಕಿಮ್, ಸೊಸೆ ಬೆನೆಡಿಕ್ಟಾ, ಮೊಮ್ಮಗಳು ವೆನಿಸ್ಸಾ."

ಫೋನ್ ಇಟ್ಟ ಮೇಲೆ ಮನಸ್ಸು ಹಗುರಾಯಿತು. ಅಡುಗೆಮನೆ ಒರೆಸಿ ಮುಗಿಸುವಷ್ಟರಲ್ಲಿ ಆ ಹಗುರ ಎತ್ತಲೋ ಹೋಗಿತ್ತು. ಜೋಕಿಮ್ ಬಂದೊಡನೆ ಹೇಳಿಬಿಡಬೇಕು ಅಂದುಕೊಂಡಳು.

ಹೇಳಲಾಗಲಿಲ್ಲ. ಸಂಜೆ ಜೋಕಿಮ್ ಬಂದದ್ದೇ ಬೇರೆ ಸುದ್ದಿ ಹೊತ್ತುಕೊಂಡು.

"ಅಲಿಕುಂಞಿ ಹೋದ," ಎಂದ, ಶೂ ಬಿಚ್ಚದೆ ಸೋಫಾದ ಮೇಲೆ ಕೂತು. ಅಲಿಕುಂಞಿ ಅವನು ಕೆಲಸ ಮಾಡುವ ತೈಲ ಕಂಪೆನಿಯ ಕ್ಯಾಂಟೀನಿನಲ್ಲಿ ಚಾ ಮಾಡುವವ, ಬಂಟ್ವಾಳದ ಕಡೆಯ ಬ್ಯಾರಿ. "ನಿನ್ನೆ ಬಸ್ಮಾಕ್ಕೆ ಹೋದವ ಬರ್ಲೇ ಇಲ್ಲ. ಫೋನ್ ಸ್ವಿಚ್ ಆಫ್. ಇವತ್ತು ಅವನ ರೂಮಿನವರಿಗೆ ಒಳಗಿನಿಂದ ಕಾಲ್ ಬಂತಂತೆ, ನನ್ನ ಬಟ್ಟೆಬರೆ ಊರಿಗೆ ಕಳಿಸಿ ಅಂತ. ಖಲಾಸ್. ಇಷ್ಟು ವರ್ಷ ನನಗೆ ಚಾ ಕೊಟ್ಟವ. ಅವನೂ ನನ್ನ ಹಾಗೆ ಎರಡನೇ ಸಲ ಬಂದವ ಅಂತ ಇವತ್ತೇ ಗೊತ್ತಾದ್ದು."

"ಹೋಗುದೇ ಬೇಡ ನೀವು."

"ಹೋಗದಿದ್ರೆ ಬ್ಯಾಂಕ್ ಬಂದ್, ಇಕಾಮಾ ಬಂದ್, ಮತ್ತೆ ಇಲ್ಲಿ ಇರ್ಲಿಕ್ಕೇ ಪರ್ಮಿಟ್ ಇಲ್ಲ. ಊರಿಗೆ ಹೊರಡುವಾ ಅಂದ್ರೆ ಏರ್‌ಪೋರ್ಟಲ್ಲೂ ಅದೇ ಮಿಶಿನ್." ಅವನು ನಗಲು ನೋಡಿದ. "ಬೆನಿ, ಅಡುಗೆಯವನ ಬೆರಳಲ್ವಾ? ಕಾವಲಿಯಲ್ಲಿ ಸುಟ್ಟು ಸುಟ್ಟು ಗೆರೆಯೆಲ್ಲ ಅಳಿಸಿ ಹೋಗಿರ್ತದೆ, ನೋಡ್ತಾ ಇರು."

ಟೀಪಾಯಿಯ ಗಾಜಿನ ಮೇಲೆ ಹೆಬ್ಬೆರಳು ಒತ್ತಿ, ಬಗ್ಗಿ ನೋಡಿದ. ಬೆನೆಡಿಕ್ಟಾಳೂ ಬಗ್ಗಿದಳು. ಗೆರೆಗಳು ಹೊಳೆಯ ಸುಳಿಯಂತೆ ಸ್ಪಷ್ಟವಾಗಿ ಮೂಡಿದ್ದವು. ಅವಳು ಸೆರಗಿನಿಂದ ಗಾಜು ಒರೆಸಿದಳು.

ಅಷ್ಟರಲ್ಲಿ ವೆನಿಸ್ಸಾ ಚಾರ್ಟ್ ಹಿಡಿದು ಬಂದಳು. "ಡ್ಯಾಡಿ, ಪೆರಿನ್ ಅಂದ್ರೆ ಪುಟ್ಟ ಪೀಟರ್ ಅಂತ ಅರ್ಥ, ಗೊತ್ತುಂಟಾ? ಪಿಯೆರ್‌ನಿಂದ ಬಂದದ್ದು. ಬಟ್ ನಮಗೆ ಅದು ಹೇಗೆ ಬಂತು?"

ಗಂಡ ಹೆಂಡಿರ ಕಣ್ಣು ಕೂಡಿದವು. ಜೋಕಿಮ್ ಮಗಳನ್ನು ಪಕ್ಕಕ್ಕೆ ಎಳೆದುಕೊಂಡ.

"ಅದಾ? ಅದು ದೊಡ್ಡ ಕತೆ. ಹಿಂದೆ ಒಂದು ಫ್ರೆಂಚ್ ಹಡಗು ಇತ್ತು. ನಮ್ಮ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಎಲ್ಲರೂ ಸತ್ರು, ಒಬ್ಬ ನಾವಿಕ ಮಾತ್ರ ತೆಂಗಿನಮರದ ಬುಡದಲ್ಲಿ ಬಂದು ಬಿದ್ದ..."

ಅವನು ಚೆನ್ನಾಗಿ ಹೇಳಿದ. ನಾವಿಕನಿಗೆ ಗಂಜಿ ಕೊಟ್ಟ ಹುಡುಗಿ ಬಂದಳು, ಮದುವೆ ನಿಶ್ಚಯವಾಯಿತು, ಮದುವೆಯ ಮುನ್ನಾದಿನದ ರೋಸಿನಲ್ಲಿ ನಾವಿಕ ಮೈಗೆ ತೆಂಗಿನಹಾಲು ಹಚ್ಚಿಸಿಕೊಳ್ಳಲು ಹೆದರಿ ಗದ್ದೆಗೆ ಓಡಿದ. ವೆನಿಸ್ಸಾ ನಕ್ಕಳು, ಬರೆದುಕೊಂಡಳು. ಬೆನೆಡಿಕ್ಟಾ ಮಡಚಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಚುತ್ತಿದ್ದಳು. ಸುಳ್ಳೊಂದು ಕಣ್ಣೆದುರೇ ಕೈಕಾಲು ಮೂಡಿಸಿಕೊಂಡು ಎದ್ದು ಓಡಾಡುತ್ತಿತ್ತು.

"ಇದು ನಿಮಗೆ ಯಾರು ಹೇಳಿದ್ದು ಡ್ಯಾಡಿ?"

"ನನ್ನ ಪಪ್ಪ. ನಿನ್ನ ಪಾವ್ಲ್ ಅಜ್ಜ."

ಆಗಲಾದರೂ ಪೂಜೆಯ ವಿಷಯ ಹೇಳಬೇಕಿತ್ತು. ಗಂಡ ಮಗಳ ತಲೆಯ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿ ಕೂತಿದ್ದ. ಆ ಒಂದು ಗಳಿಗೆಯನ್ನು ಅವನಿಂದ ಕಿತ್ತುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಸ್ಯಾಮುವೆಲ್‌ಗೇ ಮತ್ತೆ ಫೋನ್ ಮಾಡಿದಳು, ಅವರು ಎತ್ತಲಿಲ್ಲ.

ಶುಕ್ರವಾರ ಇಗರ್ಜಿ ತುಂಬಿತ್ತು. ಸ್ಯಾಮುವೆಲ್ ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡಾಗ ಬೆನೆಡಿಕ್ಟಾ ಜಪಸರವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಬೇರೆ ಬೇರೆ ಹೆಸರುಗಳು ಹೋದವು. ಆಮೇಲೆ ಅದು ಬಂತು, ಮೂಲೆಯ ಸ್ಪೀಕರಿನಿಂದಲೂ, ಅಂಗಳದ ಸ್ಪೀಕರಿನಿಂದಲೂ ಒಟ್ಟಿಗೆ:

"ದಿವಂಗತ ಪಾವ್ಲ್ ಸೆರಾವೊ ಅವರ ಆತ್ಮಶಾಂತಿಗಾಗಿ. ಪೂಜೆ ಹೇಳಿಸುವವರು ಮಗ ಜೋಕಿಮ್, ಸೊಸೆ ಬೆನೆಡಿಕ್ಟಾ, ಮೊಮ್ಮಗಳು ವೆನಿಸ್ಸಾ."

ಜೋಕಿಮನ ಕಿವಿಯ ಹಿಂದಿನ ನರವೊಂದು ಉಬ್ಬಿತು. ನಡುವೆ ಕೂತಿದ್ದ ವೆನಿಸ್ಸಾ ಮೊದಲು ಅಪ್ಪನ ಮುಖ ನೋಡಿದಳು, ಆಮೇಲೆ ಅಮ್ಮನ ಮುಖ. ಪೂಜೆ ಮುಗಿಯುವವರೆಗೂ ಆ ಹುಡುಗಿ ಅಲ್ತಾರಿಯ ಕಡೆ ನೋಡಲಿಲ್ಲ. ತನ್ನ ಶೂಗಳನ್ನೇ ನೋಡುತ್ತಿದ್ದಳು.

ಜನರ ನಡುವೆ ನುಸುಳಿ ಬೇಗ ಹೊರಬೀಳಬೇಕೆಂದಿದ್ದರು. ಅಂಗಳದಲ್ಲೇ ಯಾರೋ ಜೋಕಿಮನ ಭುಜಕ್ಕೆ ಬಡಿದರು.

"ಏ ಜೋಕಿ! ಪಾವ್ಲ್ ಮಾಮನ ಮಗ ಅಲ್ವಾ ನೀನು? ಗುರ್ತ ಸಿಕ್ಲಿಲ್ವಾ ಮಾರಾಯಾ, ನಾನು ರಾಯ್ಸ್ಟನ್! ನಿಮ್ಮ ಮನೆ ಗೇರುಮರ ಹತ್ತಿ ನಿನ್ನ ಅಪ್ಪನ ಕೈಯಲ್ಲಿ ಪೆಟ್ಟು ತಿಂದವ!"

ದುಂಡು ಮುಖದ, ಎದೆಯ ತುಂಬ ನಗುವ ಮನುಷ್ಯ. ಅವನಲ್ಲಿ ವಿಷವಿರಲಿಲ್ಲ. ಬೆನೆಡಿಕ್ಟಾಳಿಗೆ ಹೆದರಿಕೆಯಾದದ್ದು ಅದಕ್ಕೇ. ವಿಷವಿದ್ದವನಾದರೆ ದನಿ ತಗ್ಗಿಸಿ ಮಾತಾಡುತ್ತಿದ್ದ.

"ನಿಮಗೆ ಗುರ್ತ ತಪ್ಪಿತು," ಎಂದ ಜೋಕಿಮ್.

"ಎಂತ ತಪ್ಪು? ಈಗ ತಾನೆ ಅಪ್ಪನ ಹೆಸರು ಕೇಳಿದೆ ಮೈಕಲ್ಲಿ. ನಿನ್ನನ್ನ ಇಲ್ಲಿಯವರು ಊರಿಗೆ ಕಳಿಸಿಬಿಟ್ಟಿದ್ರು ಅಂತ ಊರಲ್ಲೆಲ್ಲ ಸುದ್ದಿಯಿತ್ತಲ್ಲ! ಹೇಗೆ ಬಂದಿ ವಾಪಸ್?"

"ನನಗೆ ಆ ಪಾವ್ಲ್ ಯಾರಂತ ಗೊತ್ತಿಲ್ಲ," ಎಂದ ಜೋಕಿಮ್, ಇನ್ನೂ ಮೆಲ್ಲಗೆ. "ಬೇರೆ ಯಾರೋ ಇರ್ಬೇಕು."

ಅಪ್ಪನ ಪೂಜೆ ಮುಗಿಸಿ, ಅದೇ ಅಂಗಳದಲ್ಲಿ ನಿಂತು, ಮಗ ಅಪ್ಪನನ್ನು ಅರಿಯೆನೆಂದಿದ್ದ. ಬೆನೆಡಿಕ್ಟಾಳ ಅಂಗೈಯೊಳಗೆ ಮಗಳ ಬೆರಳುಗಳು ತಣ್ಣಗಾದವು.

ರಾಯ್ಸ್ಟನ್‌ನ ನಗು ಅರ್ಧಕ್ಕೆ ನಿಂತಿತು. ಗಂಡನನ್ನೂ ಹೆಂಡತಿಯನ್ನೂ ಒಮ್ಮೆ ನೋಡಿದ. ಅವನಿಗೇನೋ ಹೊಳೆದಂತಿತ್ತು, ಅಥವಾ ಹೊಳೆದದ್ದು ಸಾಲದಂತಿತ್ತು. "ಆಯ್ತು ಬಿಡು, ಆಯ್ತು. ಹುಟ್ಟಿದ ಮೂತಿ ಒಂದು ಬದಲಾಗುದಿಲ್ಲ, ಅಷ್ಟೇ. ನಾನೀಗ ಒಂದು ಕಂಪೆನಿಯ ಮಂದೂಬ್. ಕಂಪೆನಿಯ ಕಾಗದಪತ್ರ ಹಿಡಿದು ಸರಕಾರಿ ಆಫೀಸು ಆಫೀಸು ಅಲೆಯುದೇ ಕೆಲಸ. ಈ ಬಸ್ಮಾ ಗಲಾಟೆಯಲ್ಲಿ ಪುರ್ಸೊತ್ತೇ ಇಲ್ಲ. ಭಾನುವಾರ ಬೆಳಿಗ್ಗೆಯಿಡೀ ಅಲ್ಲೇ, ನಮ್ಮ ಹುಡುಗರ ಜೊತೆ. ನೀನೂ ಬರುದಾದ್ರೆ ಹೇಳು, ಒಳಗಿನವರೆಲ್ಲ ನನ್ನ ಗುರ್ತದವರು."

"ನಂದು ಆಗಿದೆ," ಎಂದು ಜೋಕಿಮ್ ಹೊರಟೇಬಿಟ್ಟ.

ಕಾರಿನಲ್ಲಿ ಬೆನೆಡಿಕ್ಟಾ ಬೈಗುಳಕ್ಕಾಗಿ ಕಾದಳು. ಬೈಗುಳ ಬರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಅವನು ತನ್ನಷ್ಟಕ್ಕೆ ಎಂಬಂತೆ, "ಪಪ್ಪನಿಗೆ ಮುಟ್ಟಿರಬಹುದು, ಅಲ್ವಾ?" ಎಂದ. ಅವಳು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಹಿಂದಿನ ಸೀಟಿನಿಂದ ಒಂದು ಮಾತೂ ಬರಲಿಲ್ಲ.

ಶನಿವಾರವೂ ಬರಲಿಲ್ಲ. ಇಡೀ ದಿನ ವೆನಿಸ್ಸಾ ಯಾರನ್ನೂ ಏನನ್ನೂ ಕೇಳಲಿಲ್ಲ. ಊಟಕ್ಕೆ ಕರೆದರೆ ಬಂದಳು, ಮೀನಿನ ಮುಳ್ಳು ತಾನೇ ಬಿಡಿಸಿಕೊಂಡಳು, ತಟ್ಟೆ ತೊಳೆದಿಟ್ಟಳು. ಪ್ರಶ್ನೆಗಳಿಲ್ಲದ ಮನೆ ಬೆನೆಡಿಕ್ಟಾಳಿಗೆ ದೀಪವಾರಿಸಿದ ಮನೆಯಂತೆ ಕಂಡಿತು. ಕೋಣೆ ಗುಡಿಸಲು ಹೋದಾಗ ನೆಲದ ಮೇಲೆ ಚಾರ್ಟ್ ಹರಡಿತ್ತು. ವಿಜ್ಞಾನಿ, ಮಾರ್ಷಲ್, ನಟ, ಮೂವರೂ ತಮ್ಮ ತಮ್ಮ ಜಾಗದಲ್ಲಿದ್ದರು. ಫ್ರೆಂಚ್ ನಾವಿಕನ ಕತೆಯ ಮೇಲೆ ಮಾತ್ರ ಬಿಳಿ ಕಾಗದ ಅಂಟಿಸಿತ್ತು. ಅಂಟು ಇನ್ನೂ ಒದ್ದೆಯಾಗಿತ್ತು.

"ಹೇಳಿಬಿಡುವಾ ಅವಳಿಗೆ," ಎಂದಳು ಗಂಡನ ಹತ್ತಿರ, ಅಡುಗೆಮನೆಯಲ್ಲಿ, ನೀರಿನ ನಲ್ಲಿ ಬಿಟ್ಟುಕೊಂಡು.

"ಗೊತ್ತಿದ್ರೆ ಅವಳೂ ಸುಳ್ಳು ಹೇಳ್ಬೇಕಾಗ್ತದೆ ಬೆನಿ. ಇಲ್ಲಿವರೆಗೆ ಅವಳು ಹೇಳಿದ್ದು ಒಂದೂ ಸುಳ್ಳಲ್ಲ. ನಾಳೆ ಒಂದು ದಿನ ಮುಗೀಲಿ."

"ಅವನು ಇರ್ತಾನೆ ಅಲ್ಲಿ. ಆ ರಾಯ್ಸ್ಟನ್."

"ಮಿಶಿನೂ ಇರ್ತದೆ," ಎಂದ ಜೋಕಿಮ್. "ಯಾರು ಮೊದಲು ಗುರ್ತ ಹಿಡೀತಾರೆ ಅಂತ ನೋಡುವಾ." ಬೆನೆಡಿಕ್ಟಾ ನಲ್ಲಿ ನಿಲ್ಲಿಸಿ ತಿರುಗಿದಾಗ ಮಗಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

ಭಾನುವಾರ ಮತ್ತೆ ಮಂಜು. ಬಾಲ್ಕನಿಯಿಂದ ಎದುರಿನ ಕಟ್ಟಡವೂ ಕಾಣುತ್ತಿರಲಿಲ್ಲ. ಜೋಕಿಮ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ, ಸಾಬೂನು ಹಚ್ಚಿ ಕೈ ತೊಳೆದ, ಮತ್ತೆ ತೊಳೆದ. ಬೆನೆಡಿಕ್ಟಾ ಕೊಟ್ಟ ದೋಸೆಯಲ್ಲಿ ಅರ್ಧ ತಿಂದು, ಉಳಿದದ್ದನ್ನು ಮುಚ್ಚಿಡು, ಬಂದು ತಿನ್ತೇನೆ ಎಂದ. ಅವಳು ಮುಚ್ಚಿಟ್ಟಳು. ತಾನೂ ಬರುತ್ತೇನೆಂದದ್ದಕ್ಕೆ ಬೇಡವೆಂದಿದ್ದ. ಒಬ್ಬರಾದರೂ ಮಗಳ ಹತ್ತಿರ ಇರಬೇಕು.

ವೆನಿಸ್ಸಾ ಯೂನಿಫಾರ್ಮ್ ಹಾಕಿ, ಚಾರ್ಟನ್ನು ಸುರುಳಿ ಸುತ್ತಿ ರಬ್ಬರ್ ಹಾಕಿ, ಬಾಗಿಲ ಹತ್ತಿರ ನಿಂತಿದ್ದಳು. ಕೆಳಗೆ ಬಸ್ಸಿನ ಹಾರ್ನ್ ಕೇಳಿಸಿತು.

"ಬಾಯೆ, ಬಸ್ ಬಂತು."

ಹುಡುಗಿ ಅಲುಗಲಿಲ್ಲ. ಹಾರ್ನ್ ಮತ್ತೊಮ್ಮೆ ಆಯಿತು. ಆಮೇಲೆ ಬಸ್ ಹೊರಟ ಸದ್ದು. ಬೆನೆಡಿಕ್ಟಾ ಗದರಿಸಲಿಲ್ಲ. ಜೋಕಿಮ್ ಬಗ್ಗಿ ಶೂ ಲೇಸು ಕಟ್ಟುತ್ತಿದ್ದವನು ಹಾಗೇ ಮಗಳ ಎದುರು ಮಂಡಿಯೂರಿದ. ಇಬ್ಬರ ಮುಖವೂ ಒಂದೇ ಮಟ್ಟಕ್ಕೆ ಬಂತು. ಅವನ ಮೂಗು, ಅವನ ಹುಬ್ಬು. ಒಬ್ಬರಿಗೊಬ್ಬರು ಕನ್ನಡಿ ಹಿಡಿದಂತಿದ್ದರು.

"ಎಂತ ಕಂದಾ? ಡ್ಯಾಡಿಗೆ ಲೇಟಾಗ್ತದೆ. ಸಣ್ಣ ಕೆಲಸ. ಬೆರಳು ಕೊಟ್ಟು ಬರುದು, ಅಷ್ಟೇ."

ವೆನಿಸ್ಸಾ ಅಪ್ಪನ ಬಲಗೈ ಹಿಡಿದು ಅಂಗೈ ಮೇಲೆ ಮಾಡಿದಳು. ಒಂದೊಂದೇ ಬೆರಳನ್ನು ಬಿಡಿಸಿ ನೋಡಿದಳು. ಬೆನೆಡಿಕ್ಟಾ ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತಳು. ಈ ಸಲ ಅಡ್ಡ ನಿಲ್ಲಲು ಅವಳಿಗೆ ಜಾಗವಿರಲಿಲ್ಲ.

"ಡ್ಯಾಡಿ," ಎಂದಳು ಹುಡುಗಿ, ಒಂದೂ ಇಂಗ್ಲಿಷ್ ಮಾತು ಬೆರೆಸದೆ, ಸ್ಪಷ್ಟವಾಗಿ, ಗಟ್ಟಿಯಾಗಿ. "ಇವತ್ತು ನೀವು ಬರದಿದ್ರೆ, ನಾನು ಮತ್ತೆ ಮಮ್ಮಿ ಯಾವ ಹೆಸರು ಹೇಳಿ ನಿಮ್ಮನ್ನ ಹುಡುಕ್ಬೇಕು?"